ಕೈತೋಟದ ತ್ಯಾಜ್ಯ

ಕೈತೋಟದ ತ್ಯಾಜ್ಯ ಎಂದರೆ ಮನೆಯ ಅಂಗಳ, ಹಿತ್ತಲು, ಕೈತೋಟ ಮತ್ತು ತಾರಸಿ ತೋಟಗಳಲ್ಲಿ ಉಂಟಾಗುವ ಸಸ್ಯಜನ್ಯ ಕಸ. ಉದುರಿದ ಎಲೆ, ಕತ್ತರಿಸಿದ ಹುಲ್ಲು, ಕಿತ್ತ ಕಳೆ, ಸವರಿದ ಕೊಂಬೆ, ತೆಂಗಿನ ಗರಿ, ಬಾಳೆಯ ದಿಂಡು, ಬಾಡಿದ ಹೂವು ಮತ್ತು ಉದುರಿದ ಕಾಯಿಗಳು ಇದರಲ್ಲಿ ಸೇರುತ್ತವೆ. ಆಡಳಿತದ ಬರಹಗಳಲ್ಲಿ ಇದನ್ನು ಉದ್ಯಾನ ತ್ಯಾಜ್ಯ, ತೋಟಗಾರಿಕೆ ತ್ಯಾಜ್ಯ ಅಥವಾ ಹಸಿರು ತ್ಯಾಜ್ಯ ಎಂದೂ ಕರೆಯುತ್ತಾರೆ. ಇದು ಸಂಪೂರ್ಣವಾಗಿ ಜೈವಿಕವಾಗಿ ಕೊಳೆಯುವ ವಸ್ತು. ಆದರೂ ಅಡುಗೆಮನೆಯ ಹಸಿ ಕಸಕ್ಕಿಂತ ಭಿನ್ನವಾದ ಗುಣಗಳಿರುವುದರಿಂದ ಇದರ ಸಂಗ್ರಹಣೆ ಮತ್ತು ಸಂಸ್ಕರಣೆಗೆ ಪ್ರತ್ಯೇಕ ಕ್ರಮಗಳು ಬೇಕಾಗುತ್ತವೆ.

ಕರ್ನಾಟಕದ ಗ್ರಾಮೀಣ ಬದುಕಿನಲ್ಲಿ ಈ ವಸ್ತುಗಳು ಬಹುಕಾಲ ತ್ಯಾಜ್ಯವೆಂದು ಪರಿಗಣಿತವಾಗಿರಲಿಲ್ಲ. ದನದ ಮೇವು, ಒಲೆಯ ಸೌದೆ, ಚಪ್ಪರದ ಹೊದಿಕೆ ಮತ್ತು ತಿಪ್ಪೆಯ ಗೊಬ್ಬರವಾಗಿ ಅವು ಮನೆಯ ಸುತ್ತಲೇ ಬಳಕೆಯಾಗುತ್ತಿದ್ದವು. ಪಟ್ಟಣಗಳು ಬೆಳೆದು ಮನೆಯ ಬಳಿ ಕೊಳೆಯಿಸುವ ಜಾಗ ಇಲ್ಲವಾದಾಗ ಅವು ಸಾಗಿಸಬೇಕಾದ ಕಸವಾದವು. ಭಾರತದಲ್ಲಿ 2000 ಮತ್ತು 2016ರ ಘನತ್ಯಾಜ್ಯ ನಿಯಮಗಳು ಈ ಕಸವನ್ನು ಸುಡುವುದನ್ನು ನಿಷೇಧಿಸಿ, ಪ್ರತ್ಯೇಕವಾಗಿ ನಿರ್ವಹಿಸಬೇಕೆಂದು ವಿಧಿಸಿದವು.

ವ್ಯಾಪ್ತಿ ಮತ್ತು ವಿಧಗಳು

ಕೊಳೆಯುವ ರೀತಿಯನ್ನು ಆಧರಿಸಿ ಕೈತೋಟದ ತ್ಯಾಜ್ಯವನ್ನು ನಾಲ್ಕು ಬಗೆಯಾಗಿ ನೋಡಬಹುದು.

ಹಸಿರು ಭಾಗ: ಹುಲ್ಲು, ಎಳೆಯ ಎಲೆ, ಕಳೆಗಿಡ, ಹೂವು. ಇವುಗಳಲ್ಲಿ ಸಾರಜನಕವೂ ನೀರಿನಂಶವೂ ಹೆಚ್ಚು. ರಾಶಿ ಹಾಕಿದರೆ ಬೇಗನೆ ಬಿಸಿಯಾಗಿ ಕೊಳೆಯುತ್ತವೆ.

ಒಣ ಭಾಗ: ಮಾವು, ಹಲಸು, ಹೊಂಗೆ, ಸೀಬೆ ಮೊದಲಾದ ಮರಗಳ ತರಗೆಲೆ, ಒಣಹುಲ್ಲು. ಇವುಗಳಲ್ಲಿ ಇಂಗಾಲ ಹೆಚ್ಚಿದ್ದು ಕೊಳೆಯಲು ಹೆಚ್ಚು ಕಾಲ ಬೇಕು.

ಗಟ್ಟಿ ಭಾಗ: ಕೊಂಬೆ, ಬೇಲಿ ಸವರಿದ ಕಡ್ಡಿ, ತೆಂಗಿನ ಗರಿಯ ದಂಟು, ಕಾಯಿಯ ಮಟ್ಟೆ. ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ಸಣ್ಣದಾಗಿ ಕತ್ತರಿಸದ ಹೊರತು ಇವು ವರ್ಷಗಟ್ಟಲೆ ಉಳಿಯುತ್ತವೆ.

ನೀರುಭಾಗ ಹೆಚ್ಚಿರುವುದು: ಬಾಳೆಯ ದಿಂಡು, ಪರಂಗಿಯ ಕಾಂಡ, ಉದುರಿದ ಹಣ್ಣು. ಇವು ತೂಕದಲ್ಲಿ ಭಾರವಾಗಿದ್ದು, ಒಣ ವಸ್ತುವಿನೊಡನೆ ಬೆರೆಸದಿದ್ದರೆ ದುರ್ವಾಸನೆಯನ್ನೂ ನೊಣಗಳನ್ನೂ ಉಂಟುಮಾಡುತ್ತವೆ.

ಸಸಿಗಳನ್ನು ತಂದ ಪ್ಲಾಸ್ಟಿಕ್ ಚೀಲ, ಒಡೆದ ಕುಂಡ, ನೈಲಾನ್ ದಾರ, ಕೀಟನಾಶಕದ ಡಬ್ಬಿ, ಕಲ್ಲು ಮತ್ತು ಮಣ್ಣು ತೋಟದಲ್ಲೇ ಸಿಗುವ ವಸ್ತುಗಳಾದರೂ ಈ ವರ್ಗಕ್ಕೆ ಸೇರುವುದಿಲ್ಲ. ಒಣಗಿದ ಎಲೆಯನ್ನು ಅದರ ಹೆಸರಿನ ಕಾರಣದಿಂದ ‘ಒಣ ಕಸ’ದ ಚೀಲಕ್ಕೆ ಹಾಕುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಪುರಸಭೆಗಳ ವರ್ಗೀಕರಣದಲ್ಲಿ ಒಣ ಕಸ ಎಂದರೆ ಕಾಗದ, ಪ್ಲಾಸ್ಟಿಕ್, ಲೋಹ ಮತ್ತು ಗಾಜು. ಎಲೆಪುಡಿ ಬೆರೆತ ಕಾಗದ ಮತ್ತು ಪ್ಲಾಸ್ಟಿಕ್ಕಿನ ಮರುಬಳಕೆ ಮೌಲ್ಯ ಕುಗ್ಗುತ್ತದೆ.

ಸಾಂಪ್ರದಾಯಿಕ ಬಳಕೆ

ತಿಪ್ಪೆ

ಕನ್ನಡ ನಾಡಿನ ಹಳ್ಳಿಗಳಲ್ಲಿ ಸಸ್ಯಜನ್ಯ ಕಸದ ಕೊನೆಯ ನೆಲೆ ತಿಪ್ಪೆ. ಮನೆಯ ಹಿತ್ತಲಲ್ಲೋ ಊರಂಚಿನಲ್ಲೋ ಇರುವ ಈ ಗುಂಡಿಗೆ ಅಥವಾ ರಾಶಿಗೆ ಕೊಟ್ಟಿಗೆಯ ಸಗಣಿ, ದನ ತಿಂದುಳಿದ ಹುಲ್ಲು, ಒಲೆಯ ಬೂದಿ, ಅಂಗಳ ಗುಡಿಸಿದ ಎಲೆ ಮತ್ತು ಹಿತ್ತಲಿನ ಸೊಪ್ಪುಸದೆಗಳನ್ನು ದಿನವೂ ಸುರಿಯುತ್ತಾರೆ. ಬೇಸಿಗೆಯ ಕೊನೆಯಲ್ಲಿ, ಮುಂಗಾರಿಗೆ ಮುನ್ನ, ಕಳಿತ ಗೊಬ್ಬರವನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಾರೆ. ದೀಪಾವಳಿಯ ಸಮಯದಲ್ಲಿ ತಿಪ್ಪೆಯ ಮೇಲೆ ದೀಪವಿಡುವ ಪದ್ಧತಿ ಹಲವೆಡೆ ಇದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ ರೂಢಿಯೂ ಇತ್ತು.

ಸೊಪ್ಪಿನ ಹಕ್ಕುಗಳು

ಎಲೆಗೆ ಇದ್ದ ಬೆಲೆಯನ್ನು ಭೂಹಿಡುವಳಿಯ ಹಳೆಯ ಹಕ್ಕುಗಳು ತೋರಿಸುತ್ತವೆ. ಉತ್ತರ ಕನ್ನಡ ಮತ್ತು ಮಲೆನಾಡಿನ ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಪ್ರದೇಶದ ಕುಮ್ಕಿ, ಕೊಡಗಿನ ಬಾಣೆ ಇವೆಲ್ಲವೂ ಕೃಷಿಕರು ಗೊಬ್ಬರದ ಸೊಪ್ಪು, ತರಗೆಲೆ ಮತ್ತು ಸೌದೆಯನ್ನು ಪಡೆಯಲು ಅವಕಾಶವಿದ್ದ ಜಮೀನುಗಳು. ಸೊಪ್ಪು ಸಿಗದಿದ್ದರೆ ಕೊಟ್ಟಿಗೆಗೆ ಹಾಸಿಗೆಯಿಲ್ಲ, ತೋಟಕ್ಕೆ ಗೊಬ್ಬರವಿಲ್ಲ ಎಂಬ ಸ್ಥಿತಿ ಇದ್ದುದರಿಂದ ಈ ಹಕ್ಕುಗಳು ಕಂದಾಯದ ದಾಖಲೆಗಳಲ್ಲಿ ಸ್ಥಾನ ಪಡೆದವು.

ಗುಂಡ್ಲುಪೇಟೆ ಪ್ರದೇಶದಲ್ಲಿ

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕು ಪಶ್ಚಿಮ ಘಟ್ಟಗಳ ಮಳೆ ನೆರಳಿನಲ್ಲಿದೆ. ಇಲ್ಲಿ ಅರಿಸಿನ, ಬಾಳೆ, ಸೂರ್ಯಕಾಂತಿ, ಚೆಂಡುಹೂವು ಮತ್ತು ತರಕಾರಿಗಳನ್ನು ವ್ಯಾಪಕವಾಗಿ ಬೆಳೆಯುತ್ತಾರೆ. ತಾಲ್ಲೂಕಿನ ಭೀಮನಬೀಡಿನಂತಹ ಕೃಷಿಪ್ರಧಾನ ಹಳ್ಳಿಗಳಲ್ಲಿ ಹಿತ್ತಲಿನ ಕಸಕ್ಕೂ ಹೊಲದ ಉಳಿಕೆಗೂ ಸ್ಪಷ್ಟವಾದ ಗಡಿಯಿಲ್ಲ. ಎರಡೂ ಒಂದೇ ತಿಪ್ಪೆಯನ್ನು ಸೇರಬಲ್ಲವು. ಮಳೆ ಕಡಿಮೆಯಿರುವ ಭೂಮಿಯಲ್ಲಿ ಸಾವಯವ ಅಂಶ ಮಣ್ಣಿನ ತೇವವನ್ನು ಹಿಡಿದಿಡುವುದರಿಂದ ಎಲೆಗೆ ಇಲ್ಲಿ ಗೊಬ್ಬರದ ಜೊತೆಗೆ ಹೊದಿಕೆಯ ಬೆಲೆಯೂ ಇದೆ. ಅರಿಸಿನದ ನಾಟಿಯ ನಂತರ ಪಾತಿಯ ಮೇಲೆ ಸೊಪ್ಪು ಅಥವಾ ತರಗೆಲೆಯನ್ನು ಹೊದಿಸುವುದು ಈ ಬೆಳೆಯಲ್ಲಿ ಶಿಫಾರಸು ಮಾಡಲಾದ ಕ್ರಮ.

ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ತೆಂಗಿನ ಒಂದು ಗರಿಯೂ ಹಲವು ಕೆಲಸಕ್ಕೆ ಒದಗುತ್ತದೆ. ಹೆಣೆದ ಗರಿ ಚಪ್ಪರಕ್ಕೆ, ಎಲೆಯ ನಡುಗಡ್ಡಿ ಪೊರಕೆಗೆ, ದಂಟು ಮತ್ತು ಮಟ್ಟೆ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಗೆ, ಒಲೆಯ ಬೂದಿ ತಿಪ್ಪೆಗೆ ಸಲ್ಲುತ್ತವೆ. ಬಾಳೆಯ ಪಟ್ಟೆಯಿಂದ ತೆಗೆದ ನಾರು ಹೂ ಕಟ್ಟಲು ಬಳಕೆಯಾಗುತ್ತದೆ. ದೇವರಿಗೆ ಏರಿಸಿದ ಹೂವನ್ನು, ಅಂದರೆ ನಿರ್ಮಾಲ್ಯವನ್ನು, ತುಳಿಯದ ಜಾಗದಲ್ಲಿ ಗಿಡದ ಬುಡಕ್ಕೆ ಹಾಕುವುದು ವಾಡಿಕೆ.

ಬದಲಾವಣೆಯ ಕಾರಣಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈ ಬಳಕೆಗಳು ಒಂದೊಂದಾಗಿ ಕಡಿಮೆಯಾದವು. ಅಡುಗೆ ಅನಿಲ ಮತ್ತು ನೀರು ಕಾಯಿಸುವ ವಿದ್ಯುತ್ ಉಪಕರಣಗಳು ಬಂದ ಮೇಲೆ ಗರಿ ಮತ್ತು ಕಡ್ಡಿಗಳ ಅಗತ್ಯ ತಗ್ಗಿತು. ಹೆಂಚು ಮತ್ತು ಕಾಂಕ್ರೀಟ್ ಚಾವಣಿ ಬಂದು ಹುಲ್ಲು, ಗರಿಗಳ ಹೊದಿಕೆ ಮರೆಯಾಯಿತು. ಟ್ರ್ಯಾಕ್ಟರ್ ಬಳಕೆಯೊಂದಿಗೆ ಉಳುವ ಎತ್ತುಗಳು ಕಡಿಮೆಯಾಗಿ, ಎಲೆಯನ್ನು ಬೇಗನೆ ಕಳಿಸುವ ಸಗಣಿಯೂ ಕಡಿಮೆಯಾಯಿತು. ರಾಸಾಯನಿಕ ಗೊಬ್ಬರ ಸುಲಭವಾಗಿ ಸಿಗತೊಡಗಿತು. ಇದೇ ಅವಧಿಯಲ್ಲಿ ಪ್ಲಾಸ್ಟಿಕ್ ಮನೆಯ ಕಸದೊಳಗೆ ಸೇರಿ ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹಾಕಲು ತೊಡಕಾಯಿತು. ಪಟ್ಟಣದ ಸಣ್ಣ ನಿವೇಶನಗಳಲ್ಲಿ ಮರವಿದ್ದರೂ ಹಿತ್ತಲಿಲ್ಲದ ಸ್ಥಿತಿ ಉಂಟಾಯಿತು.

ಗೊಬ್ಬರ ತಯಾರಿಕೆಯ ಸಂಶೋಧನೆ

ಸಸ್ಯಜನ್ಯ ಕಸವನ್ನು ವೈಜ್ಞಾನಿಕ ಕ್ರಮದಲ್ಲಿ ಗೊಬ್ಬರವಾಗಿಸುವ ಎರಡು ಪ್ರಸಿದ್ಧ ವಿಧಾನಗಳು ಭಾರತದ ನಗರಗಳ ಹೆಸರನ್ನು ಹೊತ್ತಿವೆ. ಆಲ್ಬರ್ಟ್ ಹೊವಾರ್ಡ್ ಅವರು 1924ರಿಂದ 1931ರವರೆಗೆ ಇಂದೋರ್‌ನಲ್ಲಿ ನಡೆಸಿದ ಪ್ರಯೋಗಗಳಿಂದ ಇಂದೋರ್ ವಿಧಾನ ರೂಪುಗೊಂಡಿತು. ಇದರಲ್ಲಿ ಸಸ್ಯಶೇಷ, ಸಗಣಿ, ಮಣ್ಣು ಮತ್ತು ಬೂದಿಯನ್ನು ಪದರಗಳಾಗಿ ಹಾಕಿ, ಕೆಲವು ವಾರಗಳಿಗೊಮ್ಮೆ ಮಗುಚಿ ಗಾಳಿಯಾಡುವಂತೆ ಮಾಡುತ್ತಾರೆ. ಸುಮಾರು ಮೂರರಿಂದ ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ.

ಬೆಂಗಳೂರು ವಿಧಾನವನ್ನು ಸಿ. ಎನ್. ಆಚಾರ್ಯ ಅವರು 1930ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದರು. ಊರಿನ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರಗಳಾಗಿ ತುಂಬಿ, ಮೇಲೆ ಮಣ್ಣಿನಿಂದ ಮೆತ್ತಿ ಬಿಡುವುದು ಇದರ ಕ್ರಮ. ಆರಂಭದ ಕೆಲವು ದಿನ ಗಾಳಿಯ ನೆರವಿನಿಂದಲೂ ನಂತರ ಗಾಳಿಯಿಲ್ಲದೆಯೂ ವಸ್ತು ಕೊಳೆಯುತ್ತದೆ. ಮಗುಚುವ ಮತ್ತು ಮತ್ತೆ ಮತ್ತೆ ನೀರು ಹಾಕುವ ಕೆಲಸವಿಲ್ಲ. ಆದರೆ ಗೊಬ್ಬರ ಸಿದ್ಧವಾಗಲು ಆರರಿಂದ ಎಂಟು ತಿಂಗಳು ಬೇಕು. ಎರಡು ವಿಧಾನಗಳ ನಡುವಿನ ಆಯ್ಕೆ ಮೂಲತಃ ದುಡಿಮೆ ಮತ್ತು ಕಾಲದ ನಡುವಿನ ಆಯ್ಕೆ.

ನಗರದ ಕಸದಿಂದ ಗೊಬ್ಬರ ತಯಾರಿಸುವ ಉದ್ದೇಶದಿಂದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿ ಸ್ಥಾಪನೆಯಾಯಿತು. ಇದರ ಘಟಕ ಬೆಂಗಳೂರಿನ ಕೂಡ್ಲು ಬಳಿ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎರೆಹುಳು ಗೊಬ್ಬರದ ಕುರಿತು ರಾಧಾ ಕಾಳೆ ಅವರು ನಡೆಸಿದ ಸಂಶೋಧನೆ ಈ ವಿಧಾನದ ಪ್ರಸಾರಕ್ಕೆ ನೆರವಾಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಬೇಗನೆ ಕೊಳೆಯದ ತೆಂಗಿನ ಗರಿಯನ್ನು ಯೂಡ್ರಿಲಸ್ ಜಾತಿಯ ಎರೆಹುಳುವಿನ ನೆರವಿನಿಂದ ಗೊಬ್ಬರವಾಗಿಸುವ ತಂತ್ರವನ್ನು ಅಭಿವೃದ್ಧಿಪಡಿಸಿದೆ. ಫಲ ಬಿಡುವ ಒಂದು ತೆಂಗಿನ ಮರ ವರ್ಷಕ್ಕೆ ಸುಮಾರು 12 ಗರಿಗಳನ್ನು ಉದುರಿಸುವುದರಿಂದ, ಒಂದೆರಡು ಮರವಿರುವ ಮನೆಗೂ ಈ ತಂತ್ರ ಪ್ರಸ್ತುತವಾಗಿದೆ.

ಕೊಳೆಯುವ ಪ್ರಕ್ರಿಯೆ

ಕಾಂಪೋಸ್ಟ್ ರಾಶಿಯಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಇಂಗಾಲವನ್ನು ಶಕ್ತಿಗಾಗಿಯೂ ಸಾರಜನಕವನ್ನು ಬೆಳವಣಿಗೆಗಾಗಿಯೂ ಬಳಸುತ್ತವೆ. ಆರಂಭದ ಮಿಶ್ರಣದಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇದ್ದರೆ ಕೊಳೆಯುವಿಕೆ ಚೆನ್ನಾಗಿ ನಡೆಯುತ್ತದೆ. ಹಸಿ ಹುಲ್ಲಿನಲ್ಲಿ ಈ ಅನುಪಾತ ಸುಮಾರು 15ರಿಂದ 25, ಒಣ ಎಲೆಯಲ್ಲಿ ಸುಮಾರು 40ರಿಂದ 80, ಮರದ ಹೊಟ್ಟಿನಲ್ಲಿ 200ಕ್ಕೂ ಹೆಚ್ಚು. ಬರಿಯ ತರಗೆಲೆಯ ರಾಶಿ ತಿಂಗಳುಗಟ್ಟಲೆ ಹಾಗೆಯೇ ಉಳಿಯಲು ಸಾರಜನಕ ಮತ್ತು ತೇವದ ಕೊರತೆ ಕಾರಣ. ಬರಿಯ ಹುಲ್ಲಿನ ರಾಶಿ ಲೋಳೆಯಾಗಿ ನಾರಲು ಗಾಳಿಯ ಕೊರತೆ ಕಾರಣ. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ರಾಶಿಯ ತೇವಾಂಶ 50ರಿಂದ 60 ಶೇಕಡಾ ಇರಬೇಕು. ಒಂದು ಹಿಡಿಯನ್ನು ಹಿಂಡಿದಾಗ ಕೈ ಒದ್ದೆಯಾಗಿ, ನೀರು ಧಾರೆಯಾಗಿ ಇಳಿಯದಿರುವುದು ಸರಿಯಾದ ತೇವದ ಗುರುತು. ಸಾಕಷ್ಟು ದೊಡ್ಡ ರಾಶಿಯ ಒಳಭಾಗ 55ರಿಂದ 65 ಡಿಗ್ರಿ ಸೆಲ್ಸಿಯಸ್ ತಲುಪಬಲ್ಲದು. ಈ ಬಿಸಿಯಲ್ಲಿ ಬಹುಪಾಲು ಕಳೆಬೀಜಗಳೂ ರೋಗಾಣುಗಳೂ ನಾಶವಾಗುತ್ತವೆ. ಮನೆಯ ಸಣ್ಣ ತೊಟ್ಟಿಗಳು ಸಾಮಾನ್ಯವಾಗಿ ಇಷ್ಟು ಬಿಸಿಯಾಗುವುದಿಲ್ಲ. ಆದ್ದರಿಂದ ಬೀಜ ಕಟ್ಟಿದ ಕಳೆ ಮತ್ತು ರೋಗ ತಗುಲಿದ ಗಿಡಗಳನ್ನು ಅವುಗಳಿಗೆ ಹಾಕದಿರುವುದು ಒಳ್ಳೆಯದು. ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮುನ್ನ ಕಿತ್ತರೆ ಮಾತ್ರ ಗೊಬ್ಬರಕ್ಕೆ ಬಳಸಬಹುದು.

ಮನೆಯ ಮಟ್ಟದ ವಿಧಾನಗಳು

ಎಲೆತೊಟ್ಟಿ: ತಂತಿ ಬಲೆ, ಬಿದಿರು ಅಥವಾ ಇಟ್ಟಿಗೆಯ ಜಾಲರಿ ಗೋಡೆಯಿಂದ ಮಾಡಿದ ತೊಟ್ಟಿಗೆ ತರಗೆಲೆಯನ್ನು ತುಂಬಿ, ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ ತುಳಿಯುತ್ತಾರೆ. ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು. ಎಲೆ ಕುಸಿದಂತೆ ಮೇಲಿನಿಂದ ಹೊಸ ಎಲೆಯನ್ನು ಸೇರಿಸುತ್ತಾ ಹೋಗಿ, ತಳದಿಂದ ಕಪ್ಪಾದ ಗೊಬ್ಬರವನ್ನು ತೆಗೆಯಬಹುದು. ಬೆಂಗಳೂರಿನ ಹಲವು ಉದ್ಯಾನಗಳಲ್ಲಿ ಇಂತಹ ತೊಟ್ಟಿಗಳಿವೆ.

ಪದರಗುಂಡಿ: ಸುಮಾರು ಮೂರು ಅಡಿ ಆಳದ ಗುಂಡಿಯಲ್ಲಿ ಒಣ ಎಲೆ, ಹಸಿರು ಸೊಪ್ಪು, ಅಡುಗೆಮನೆಯ ಕಸ ಮತ್ತು ತೆಳುವಾದ ಮಣ್ಣಿನ ಪದರಗಳನ್ನು ಒಂದರ ಮೇಲೊಂದು ಹಾಕುತ್ತಾರೆ. ಮಳೆಗಾಲದಲ್ಲಿ ನೀರು ನಿಲ್ಲದಂತೆ ಅಂಚನ್ನು ಎತ್ತರಿಸಿ, ಮೇಲೆ ಚಪ್ಪರ ಅಥವಾ ಗರಿಯ ಮರೆ ಮಾಡಬೇಕು. ಎರಡು ಗುಂಡಿಗಳಿದ್ದರೆ ಒಂದು ತುಂಬುವಾಗ ಇನ್ನೊಂದು ಕಳಿಯುತ್ತದೆ.

ನಾಡೆಪ್ ತೊಟ್ಟಿ: ಮಹಾರಾಷ್ಟ್ರದ ನಾರಾಯಣ ದೇವತಾವ್ ಪಾಂಢರಿಪಾಂಡೆ ಅವರ ಹೆಸರಿನ ಮೊದಲಕ್ಷರಗಳಿಂದ ಬಂದ ಈ ತೊಟ್ಟಿ ಸಾಮಾನ್ಯವಾಗಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರವಿರುತ್ತದೆ. ಗೋಡೆಯ ಇಟ್ಟಿಗೆಗಳ ನಡುವೆ ಗಾಳಿಗಂಡಿಗಳಿರುತ್ತವೆ. ಕಡಿಮೆ ಸಗಣಿಯಲ್ಲಿ ಹೆಚ್ಚು ಸಸ್ಯಶೇಷವನ್ನು ಕಳಿಸಬಹುದಾದ್ದರಿಂದ ದನಗಳು ಕಡಿಮೆಯಿರುವ ಮನೆಗಳಿಗೆ ಇದು ಅನುಕೂಲ.

ಎರೆಹುಳು ಗೊಬ್ಬರ: ಎಲೆ ಮತ್ತು ಹುಲ್ಲನ್ನು ಎರಡು ಮೂರು ವಾರ ಸಗಣಿಯೊಡನೆ ಅರೆಬರೆ ಕೊಳೆಯಿಸಿ, ಬಿಸಿ ಇಳಿದ ಮೇಲೆ ಎರೆಹುಳು ಬಿಡುತ್ತಾರೆ. ನೆರಳು, ತೇವ ಮತ್ತು ಇರುವೆ, ಇಲಿ, ಕೋಳಿಗಳಿಂದ ರಕ್ಷಣೆ ಅಗತ್ಯ. ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ಎರೆಹುಳು ತೊಟ್ಟಿ ಮತ್ತು ನಾಡೆಪ್ ತೊಟ್ಟಿಗಳ ನಿರ್ಮಾಣಕ್ಕೆ ಅವಕಾಶ ನೀಡಲಾಯಿತು.

ಹೊದಿಕೆ: ಎಲೆಯನ್ನು ಗೊಬ್ಬರವಾಗಿಸದೆ ನೇರವಾಗಿ ಗಿಡದ ಬುಡದಲ್ಲಿ ಎರಡರಿಂದ ನಾಲ್ಕು ಅಂಗುಲ ದಪ್ಪವಾಗಿ ಹರಡುವುದು ಅತ್ಯಂತ ಕಡಿಮೆ ಶ್ರಮದ ವಿಧಾನ. ಇದು ಮಣ್ಣಿನ ತೇವವನ್ನು ಉಳಿಸಿ, ಕಳೆಯನ್ನು ತಡೆದು, ಕಾಲಕ್ರಮದಲ್ಲಿ ಮಣ್ಣಾಗುತ್ತದೆ. ಕಾಂಡ ಕೊಳೆಯದಂತೆ ಬುಡದಿಂದ ಸ್ವಲ್ಪ ಅಂತರ ಬಿಡಬೇಕು. ತೆಂಗಿನ ಮಟ್ಟೆಯನ್ನು ಮರದ ಸುತ್ತ ಹೂಳುವುದು ಇದೇ ತತ್ತ್ವದ ಇನ್ನೊಂದು ರೂಪ.

ಮೇವು: ನುಗ್ಗೆ, ಅಗಸೆ, ಹಲಸು ಮೊದಲಾದವುಗಳ ಸೊಪ್ಪನ್ನು ಮೇಕೆಗಳು ತಿನ್ನುತ್ತವೆ. ಕಣಗಿಲೆ ಮತ್ತು ಲಂಟಾನದ ಎಲೆಗಳು ಜಾನುವಾರುಗಳಿಗೆ ವಿಷ. ಬೇಲಿ ಸವರಿದ ಸೊಪ್ಪನ್ನು ಬೀದಿಯಲ್ಲಿ ಬಿಡುವುದು ಈ ಕಾರಣಕ್ಕೂ ಅಪಾಯಕರ.

ಕೊಂಬೆ ಮತ್ತು ಕಡ್ಡಿ: ಗಟ್ಟಿ ಭಾಗಗಳನ್ನು ಯಂತ್ರದಲ್ಲಿ ಚೂರುಮಾಡಿ ಹೊದಿಕೆಗೆ ಅಥವಾ ಕಾಂಪೋಸ್ಟಿಗೆ ಬಳಸುತ್ತಾರೆ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಪ್ರದೇಶದಲ್ಲಿ ಸೋಲಿಗ ಕುಶಲಕರ್ಮಿಗಳು ಕಾಡನ್ನು ಆವರಿಸಿರುವ ಲಂಟಾನದ ಕಡ್ಡಿಗಳಿಂದ ಪೀಠೋಪಕರಣಗಳನ್ನು ತಯಾರಿಸುತ್ತಾರೆ.

ಸಂಗ್ರಹಣೆ

ಪಟ್ಟಣಗಳಲ್ಲಿ

ಕೈತೋಟದ ಕಸ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಒಂದು ಮರದ ಎಲೆ ತುಂಬಿದ ಚೀಲಗಳು ಹಲವು ಮನೆಗಳ ಹಸಿ ಕಸದಷ್ಟು ಜಾಗವನ್ನು ಗಾಡಿಯಲ್ಲಿ ಆಕ್ರಮಿಸಬಲ್ಲವು. ಪ್ರತಿದಿನ ಮನೆಮನೆಗೆ ಬರುವ ಆಟೋ ಟಿಪ್ಪರ್‌ಗಳಲ್ಲಿ ಇದನ್ನು ಅಡುಗೆಮನೆಯ ಕಸದೊಡನೆ ಒಯ್ಯುವುದು ಕಷ್ಟ. ಆದ್ದರಿಂದ ನಿಗದಿತ ದಿನಗಳಲ್ಲಿ ಬೇರೆ ಗಾಡಿಯಲ್ಲಿ ಸಂಗ್ರಹಿಸುವುದು, ಕೊಂಬೆಗಳನ್ನು ಕತ್ತರಿಸಿ ಕಂತೆ ಕಟ್ಟಿ ಕೊಡುವುದು, ಎಲೆಯನ್ನು ಮರುಬಳಕೆಯ ಗೋಣಿಚೀಲದಲ್ಲಿ ಕೊಡುವುದು ಮುಂತಾದ ಕ್ರಮಗಳನ್ನು ಸ್ಥಳೀಯ ಸಂಸ್ಥೆಗಳು ಅನುಸರಿಸುತ್ತವೆ. ಚಾಮರಾಜನಗರದಲ್ಲಿ ನಗರಸಭೆಯೂ ಗುಂಡ್ಲುಪೇಟೆ ಪಟ್ಟಣದಲ್ಲಿ ಪುರಸಭೆಯೂ ಘನತ್ಯಾಜ್ಯ ನಿರ್ವಹಣೆಯ ಹೊಣೆ ಹೊತ್ತಿವೆ.

ಕಸದ ಪ್ರಮಾಣ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರುವ ಕಾಲ. ಮುಂಗಾರಿಗೆ ಮುನ್ನ ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಸವರುತ್ತಾರೆ. ಮಳೆಗಾಲದಲ್ಲಿ ಹುಲ್ಲು ಮತ್ತು ಕಳೆ ಹೆಚ್ಚು. ಆಯುಧಪೂಜೆಯ ಮರುದಿನ ಬಾಳೆಕಂದು, ಮಾವಿನ ಸೊಪ್ಪು, ಬೂದುಗುಂಬಳ ಮತ್ತು ಹೂಗಳ ರಾಶಿ ರಾಜ್ಯದ ಪಟ್ಟಣಗಳ ಬೀದಿಗಳಲ್ಲಿ ಏಕಾಏಕಿ ಬೀಳುತ್ತದೆ.

ಬೆಂಗಳೂರಿನಲ್ಲಿ ಕಸ ವಿಂಗಡಣೆಯನ್ನು 2012ರ ಅಕ್ಟೋಬರ್ 1ರಿಂದ ಕಡ್ಡಾಯಗೊಳಿಸಲಾಯಿತು. ಮಾವಳ್ಳಿಪುರ ಮತ್ತು ಮಂಡೂರು ಗ್ರಾಮಗಳ ಜನರು ತಮ್ಮ ಊರಿನಲ್ಲಿ ನಗರದ ಕಸ ಸುರಿಯುವುದನ್ನು ವಿರೋಧಿಸಿ ನಡೆಸಿದ ಹೋರಾಟಗಳು ಇದರ ಹಿನ್ನೆಲೆಯಲ್ಲಿದ್ದವು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ನಗರದಲ್ಲಿ ಕಡ್ಡಾಯ ಮಾಡಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ನೈರ್ಮಲ್ಯ ತ್ಯಾಜ್ಯಕ್ಕೆ, ಚೀಲ ಒಣ ಕಸಕ್ಕೆ ಮೀಸಲು. ತೋಟದ ಕಸವನ್ನು ಈ ಮೂರರೊಡನೆ ಬೆರೆಸದೆ ಪ್ರತ್ಯೇಕವಾಗಿ ಇಡಬೇಕಾಗುತ್ತದೆ. ಎಚ್.ಎಸ್.ಆರ್. ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಮನೆ ಮತ್ತು ಬಡಾವಣೆ ಮಟ್ಟದ ಗೊಬ್ಬರ ತಯಾರಿಕೆಯ ಹಲವು ಮಾದರಿಗಳನ್ನು ಬಯಲಿನಲ್ಲಿ ಪ್ರದರ್ಶಿಸಲಾಗಿದೆ. ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕವು ಬಡಾವಣೆಗಳ ಕಸವನ್ನು ಅಲ್ಲಿಯೇ ವಿಂಗಡಿಸಿ ಗೊಬ್ಬರ ಮಾಡುವ ವಿಕೇಂದ್ರೀಕೃತ ಮಾದರಿಯಾಗಿ ಹೆಸರಾಗಿದೆ.

ಗ್ರಾಮಗಳಲ್ಲಿ

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಭಾರತ ಮಿಷನ್ ಅಡಿ ‘ಸ್ವಚ್ಛ ಸಂಕೀರ್ಣ’ ಎಂಬ ಘನತ್ಯಾಜ್ಯ ಘಟಕಗಳನ್ನು ಸ್ಥಾಪಿಸಲಾಗಿದೆ. ಅನೇಕ ಕಡೆ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರು ಸಂಗ್ರಹಣೆ ಮತ್ತು ವಿಂಗಡಣೆಯ ಕೆಲಸ ನಿರ್ವಹಿಸುತ್ತಾರೆ; ‘ಸ್ವಚ್ಛ ವಾಹಿನಿ’ ಗಾಡಿಗಳನ್ನು ಮಹಿಳೆಯರೇ ಚಲಾಯಿಸುತ್ತಾರೆ. ಈ ವ್ಯವಸ್ಥೆಯ ಮುಖ್ಯ ಗಮನ ಒಣ ಕಸದ ಮೇಲಿದೆ. ಹಸಿ ಕಸ ಮತ್ತು ಸೊಪ್ಪುಸದೆಯನ್ನು ಮನೆಯವರೇ ತಿಪ್ಪೆ ಅಥವಾ ಗೊಬ್ಬರದ ಗುಂಡಿಯಲ್ಲಿ ಕಳಿಸಬೇಕೆಂಬುದು ಇದರ ಆಶಯ. ಹೀಗೆ ಹಳ್ಳಿಯ ತ್ಯಾಜ್ಯ ನಿರ್ವಹಣೆಯು ತಿಪ್ಪೆಯ ಪದ್ಧತಿಯನ್ನೇ ಅವಲಂಬಿಸಿದೆ. ಆ ತಿಪ್ಪೆಯಿಂದ ಪ್ಲಾಸ್ಟಿಕ್ಕನ್ನು ಹೊರಗಿಡುವುದು ಹೊಸದಾಗಿ ಸೇರಿದ ಕರ್ತವ್ಯ.

ಸುಡುವಿಕೆ ಮತ್ತು ಅದರ ಪರಿಣಾಮಗಳು

ಗುಡಿಸಿದ ಎಲೆಗೆ ಬೆಂಕಿ ಹಚ್ಚುವುದು ಪಟ್ಟಣ ಮತ್ತು ಹಳ್ಳಿ ಎರಡರಲ್ಲೂ ರೂಢಿಯಲ್ಲಿರುವ ಅಭ್ಯಾಸ. ಗಾಡಿ ಬಾರದಿದ್ದಾಗ, ರಾಶಿಯಲ್ಲಿ ಹಾವು ಅಥವಾ ಸೊಳ್ಳೆ ಸೇರುವ ಭಯವಿದ್ದಾಗ, ಗುಡಿಸುವ ಉದ್ದ ಹೆಚ್ಚಿದ್ದು ಚೀಲ ತುಂಬಲು ಸಮಯವಿಲ್ಲದಿದ್ದಾಗ ಬೆಂಕಿ ಸುಲಭದ ದಾರಿಯಾಗಿ ಕಾಣುತ್ತದೆ. ಅರೆಒಣಗಿದ ಎಲೆ ಪೂರ್ಣವಾಗಿ ಉರಿಯದೆ ಹೊಗೆಯಾಡುವುದರಿಂದ ಸೂಕ್ಷ್ಮ ಕಣಗಳು, ಕಾರ್ಬನ್ ಮಾನಾಕ್ಸೈಡ್ ಮತ್ತು ಹಲವು ಹಾನಿಕಾರಕ ಆವಿಗಳು ನೆಲಮಟ್ಟದಲ್ಲಿಯೇ ಹರಡುತ್ತವೆ. ರಾಶಿಯಲ್ಲಿ ಪ್ಲಾಸ್ಟಿಕ್ ಇದ್ದರೆ ವಿಷಕಾರಿ ಅಂಶ ಇನ್ನೂ ಹೆಚ್ಚು. ಆಸ್ತಮಾ ರೋಗಿಗಳು, ಮಕ್ಕಳು, ವೃದ್ಧರು ಮತ್ತು ಬೆಂಕಿಯ ಬಳಿಯೇ ನಿಂತು ಕೆಲಸ ಮಾಡುವ ಪೌರಕಾರ್ಮಿಕರು ಇದರಿಂದ ಹೆಚ್ಚು ಬಾಧಿತರಾಗುತ್ತಾರೆ. ಸುಟ್ಟಾಗ ಎಲೆಯ ಸಾರಜನಕ ಮತ್ತು ಇಂಗಾಲದ ಬಹುಪಾಲು ಗಾಳಿಗೆ ಹೋಗಿ, ಬೂದಿಯಲ್ಲಿ ಮುಖ್ಯವಾಗಿ ಪೊಟ್ಯಾಷಿಯಂ, ಕ್ಯಾಲ್ಸಿಯಂನಂತಹ ಖನಿಜಗಳು ಉಳಿಯುತ್ತವೆ.

ಬಂಡೀಪುರ ಅರಣ್ಯಕ್ಕೆ ಹೊಂದಿಕೊಂಡಿರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇನ್ನೊಂದು ಅಪಾಯವೂ ಇದೆ. ಎಲೆ ಉದುರುವ ತಿಂಗಳುಗಳೇ ಕಾಳ್ಗಿಚ್ಚಿನ ತಿಂಗಳುಗಳು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಂಭವಿಸಿದ ಕಾಳ್ಗಿಚ್ಚಿನಲ್ಲಿ ಸಾವಿರಾರು ಎಕರೆ ಅರಣ್ಯ ಸುಟ್ಟುಹೋಯಿತು. ಒಣಹುಲ್ಲು, ತರಗೆಲೆ ಮತ್ತು ಲಂಟಾನದ ಪೊದೆಗಳು ತುಂಬಿದ ನೆಲದಲ್ಲಿ ಗಾಳಿ ಸೇರಿದರೆ ಬೆಂಕಿಯನ್ನು ಹಿಡಿತಕ್ಕೆ ತರುವುದು ಕಷ್ಟ. ಕಾಡಂಚಿನಲ್ಲಿ ಬೇಲಿಯ ಕಸಕ್ಕೆ ಹಚ್ಚಿದ ಕಿಡಿಯೂ ದೂರ ಹೋಗಬಲ್ಲದು.

ಸುಡದೆ ಮಿಶ್ರ ಕಸದೊಡನೆ ಗುಡ್ಡೆ ಹಾಕಿದ ಎಲೆ ಬೇರೆ ರೀತಿಯ ಹಾನಿ ಉಂಟುಮಾಡುತ್ತದೆ. ಗಾಳಿಯಿಲ್ಲದ ಕಸದ ರಾಶಿಯ ಆಳದಲ್ಲಿ ಅದು ಕೊಳೆತಾಗ ಮೀಥೇನ್ ಹೊಮ್ಮುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಮೀಥೇನ್‌ನ ತಾಪವರ್ಧಕ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು. ಕಸದ ಗುಡ್ಡೆಗಳಿಗೆ ಬೇಸಿಗೆಯಲ್ಲಿ ಬೆಂಕಿ ಹತ್ತಿಕೊಳ್ಳಲು ಈ ಅನಿಲವೂ ಒಂದು ಕಾರಣ.

ಕಾನೂನು

ನಗರಗಳ ಕಸದ ದುಃಸ್ಥಿತಿಯ ಕುರಿತು ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ಈ ಪ್ರಕರಣದ ವಿಚಾರಣೆಯ ಅವಧಿಯಲ್ಲಿ 2000ದ ಪೌರ ಘನತ್ಯಾಜ್ಯ ನಿಯಮಗಳು ಜಾರಿಗೆ ಬಂದವು. ಕಸವನ್ನೂ ಒಣ ಎಲೆಯನ್ನೂ ಸುಡಬಾರದು, ತೋಟಗಾರಿಕೆ ತ್ಯಾಜ್ಯವನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕು ಎಂದು ಅವು ಹೇಳಿದವು.

2016ರ ಏಪ್ರಿಲ್ 8ರಂದು ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಈ ಹೊಣೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿದವು. ಅವುಗಳ ಪ್ರಕಾರ ಪ್ರತಿಯೊಬ್ಬರೂ ತಮ್ಮ ಆವರಣದಲ್ಲಿ ಉಂಟಾದ ತೋಟದ ತ್ಯಾಜ್ಯವನ್ನು ಅದೇ ಆವರಣದಲ್ಲಿ ಪ್ರತ್ಯೇಕವಾಗಿ ಇಟ್ಟು, ಸ್ಥಳೀಯ ಸಂಸ್ಥೆಯ ಸೂಚನೆಯಂತೆ ವಿಲೇವಾರಿ ಮಾಡಬೇಕು. ಬೀದಿ, ಸಾರ್ವಜನಿಕ ಬಯಲು ಮತ್ತು ಚರಂಡಿಗಳಲ್ಲಿ ಕಸ ಎಸೆಯುವುದು, ಸುಡುವುದು, ಹೂಳುವುದು ನಿಷಿದ್ಧ. ಉದ್ಯಾನಗಳ ಕಸವನ್ನು ಸಾಧ್ಯವಾದ ಮಟ್ಟಿಗೆ ಆಯಾ ಉದ್ಯಾನದಲ್ಲಿಯೇ ಸಂಸ್ಕರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ದಿನಕ್ಕೆ ಸರಾಸರಿ 100 ಕಿಲೋಗ್ರಾಂಗಿಂತ ಹೆಚ್ಚು ಕಸ ಉತ್ಪಾದಿಸುವವರನ್ನು ಬೃಹತ್ ಉತ್ಪಾದಕರೆಂದು ಈ ನಿಯಮಗಳು ಗುರುತಿಸಿದವು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್ 22ರ ಆದೇಶದಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ ಮತ್ತು ದೊಡ್ಡ ಪ್ರಮಾಣದ ಸುಡುವಿಕೆಗೆ 25,000 ರೂಪಾಯಿ ಪರಿಹಾರ ಶುಲ್ಕವನ್ನು ಅದು ಗೊತ್ತುಪಡಿಸಿತು. ಮಾರಾಟಕ್ಕೆ ಬರುವ ನಗರ ಕಾಂಪೋಸ್ಟಿನ ಗುಣಮಟ್ಟವನ್ನು 1985ರ ರಸಗೊಬ್ಬರ ನಿಯಂತ್ರಣ ಆದೇಶ ನಿರ್ಧರಿಸುತ್ತದೆ. ಮನೆಯವರು ಸ್ವಂತ ತೋಟಕ್ಕಾಗಿ ತಯಾರಿಸುವ ಗೊಬ್ಬರಕ್ಕೆ ಈ ಮಾನದಂಡ ಅನ್ವಯಿಸುವುದಿಲ್ಲ.

ಸಮಸ್ಯೆಗಳು

ಜಾಗ ಮತ್ತು ನೆರೆಹೊರೆ: ಸಣ್ಣ ನಿವೇಶನಗಳಲ್ಲಿ ಗೊಬ್ಬರದ ಗುಂಡಿ ನೆರೆಮನೆಯ ಗೋಡೆಗೋ ಬಾವಿಗೋ ಹತ್ತಿರವಾಗುತ್ತದೆ. ಹಳ್ಳಿಗಳಲ್ಲಿ ರಸ್ತೆಯಂಚಿನ ತಿಪ್ಪೆಗಳು ಚರಂಡಿಗೆ ಅಡ್ಡಿಯಾಗಿ ಸೊಳ್ಳೆ ಹೆಚ್ಚಲು ಕಾರಣವಾಗಬಹುದು. ತಿಪ್ಪೆಯನ್ನು ಊರಿನಿಂದ ಹೊರಗೆ ಸಾಗಿಸಿದರೆ ಸ್ವಚ್ಛತೆ ಸಿಗುತ್ತದೆ. ಆದರೆ ದಿನವೂ ಅಷ್ಟು ದೂರ ಕಸ ಹೊರುವ ಕೆಲಸ ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೆ ಬೀಳುತ್ತದೆ.

ಕೀಟ ಮತ್ತು ಪ್ರಾಣಿಗಳು: ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿ ಕಳಿಯುತ್ತಿರುವ ತಿಪ್ಪೆ ಮತ್ತು ತೆಂಗಿನ ಕೊರಡುಗಳಲ್ಲಿ ಮೊಟ್ಟೆಯಿಡುತ್ತದೆ. ಗೊಬ್ಬರವನ್ನು ಆಗಾಗ ಮಗುಚಿ ಮರಿಹುಳುಗಳನ್ನು ಆರಿಸುವುದು ಮತ್ತು ಮೆಟಾರೈಜಿಯಂ ಶಿಲೀಂಧ್ರವನ್ನು ಗುಂಡಿಗೆ ಬೆರೆಸುವುದು ಇದರ ಹತೋಟಿ ಕ್ರಮಗಳು. ಕಾಡಂಚಿನ ಊರುಗಳಲ್ಲಿ ಬಾಳೆದಿಂಡು ಮತ್ತು ಹಲಸಿನ ಹಣ್ಣಿನ ಕಸವನ್ನು ಬಯಲಲ್ಲಿ ಬಿಟ್ಟರೆ ಆನೆ ಮತ್ತು ಕಾಡುಹಂದಿಗಳನ್ನು ಆಕರ್ಷಿಸುವ ಸಾಧ್ಯತೆ ಇದೆ.

ಕಲಬೆರಕೆ: ಹೂಮಾಲೆಯ ಪ್ಲಾಸ್ಟಿಕ್ ದಾರ, ಗುಟ್ಕಾ ಪೊಟ್ಟಣ, ಗಾಜಿನ ಚೂರು ಒಮ್ಮೆ ಎಲೆಯೊಡನೆ ಬೆರೆತರೆ ಮತ್ತೆ ಬೇರ್ಪಡಿಸುವುದು ಕಷ್ಟ. ಇಂತಹ ಗೊಬ್ಬರವನ್ನು ರೈತರು ಹೊಲಕ್ಕೆ ಹಾಕಲು ಹಿಂಜರಿಯುತ್ತಾರೆ. ಬರಿಗೈಯಲ್ಲಿ ಕಸ ಎತ್ತುವ ಪೌರಕಾರ್ಮಿಕರಿಗೆ ಗಾಜು ಮತ್ತು ಮುಳ್ಳಿನಿಂದ ಗಾಯಗಳಾಗುತ್ತವೆ.

ಗೊಬ್ಬರದ ವಿನಿಯೋಗ: ಪಟ್ಟಣದಲ್ಲಿ ಗೊಬ್ಬರ ತಯಾರಾದರೂ ಬಳಸುವ ಭೂಮಿ ದೂರದಲ್ಲಿರುತ್ತದೆ. ನಗರ ಕಾಂಪೋಸ್ಟಿನ ಬಳಕೆಯನ್ನು ಉತ್ತೇಜಿಸಲು ಕೇಂದ್ರ ಸರ್ಕಾರವು 2016ರಲ್ಲಿ ಪ್ರತಿ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವನ್ನು ಪ್ರಕಟಿಸಿತು. ಸುತ್ತಲೂ ಕೃಷಿಭೂಮಿ ಇರುವ ಗುಂಡ್ಲುಪೇಟೆಯಂತಹ ಸಣ್ಣ ಪಟ್ಟಣಗಳಿಗೆ ಈ ಅಂತರದ ಸಮಸ್ಯೆ ಮಹಾನಗರಗಳಷ್ಟು ತೀವ್ರವಲ್ಲ.

ಇತರ ದೇಶಗಳಲ್ಲಿ

ಅಮೆರಿಕದ ಅನೇಕ ರಾಜ್ಯಗಳು 1980ರ ದಶಕದ ಕೊನೆಯಿಂದ ಅಂಗಳದ ಕಸವನ್ನು ಭೂಭರ್ತಿಗೆ ಹಾಕುವುದನ್ನು ನಿಷೇಧಿಸಿದವು; ಇದರಿಂದ ಪುರಸಭೆಗಳ ಕಾಂಪೋಸ್ಟ್ ಕೇಂದ್ರಗಳು ಹೆಚ್ಚಿದವು. ಜರ್ಮನಿಯಲ್ಲಿ ಜೈವಿಕ ತ್ಯಾಜ್ಯದ ಪ್ರತ್ಯೇಕ ಸಂಗ್ರಹಣೆ 2015ರಿಂದ ಕಡ್ಡಾಯವಾಗಿದೆ. ಐರೋಪ್ಯ ಒಕ್ಕೂಟವು ತನ್ನ ಸದಸ್ಯ ರಾಷ್ಟ್ರಗಳಿಗೆ ಇದೇ ಬಗೆಯ ವ್ಯವಸ್ಥೆಯನ್ನು 2023ರ ಅಂತ್ಯದೊಳಗೆ ರೂಪಿಸಲು ಗಡುವು ನೀಡಿತ್ತು. ಮೂಲದಲ್ಲಿಯೇ ಗೊಬ್ಬರ ಮಾಡುವುದನ್ನೂ ಪರ್ಯಾಯವಾಗಿ ಒಪ್ಪಿತು. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳು ತೋಟದ ಕಸಕ್ಕೆ ಬೇರೆ ಗಾಲಿಬುಟ್ಟಿ ನೀಡುತ್ತವೆ ಮತ್ತು ಈ ಸೇವೆಗೆ ವಾರ್ಷಿಕ ಶುಲ್ಕ ವಿಧಿಸಬಹುದು. ಈ ದೇಶಗಳಲ್ಲಿ ಸಾಗಣೆ ಮತ್ತು ದೊಡ್ಡ ಘಟಕಗಳಿಗೆ ಒತ್ತು ಹೆಚ್ಚು. ಕರ್ನಾಟಕದ ಗ್ರಾಮೀಣ ವ್ಯವಸ್ಥೆ ಮನೆಯ ಆವರಣದಲ್ಲಿಯೇ ಗೊಬ್ಬರ ಮಾಡುವುದಕ್ಕೆ ಆದ್ಯತೆ ನೀಡುತ್ತದೆ.